ರ‍್ಯಾಪ್‌ನಲ್ಲಿ ಅಂಥದ್ದೇನಿದೆ?

"ಇದೂ ಒಂದು ಹಾಡಾ? ರಾಗ ಇಲ್ಲ, ಏನಿಲ್ಲ, ಸುಮ್ನೆ ವಟವಟ ಅಂತ ಮಾತಾಡಿಕೊಂಡು ಹೋಗ್ತಾರೆ." ರ‍್ಯಾಪ್ ಬಗ್ಗೆ ಈ ಮಾತು ಕೇಳದವರು ಕಡಿಮೆ. ಹೇಳುವವರದ್ದು ಪೂರ್ತಿ ತಪ್ಪೂ ಅಲ್ಲ. ರ‍್ಯಾಪ್‌ನಲ್ಲಿ ರಾಗ ಕಡಿಮೆಯೇ. ಎಷ್ಟೋ ಹಾಡುಗಳಲ್ಲಿ ಇಲ್ಲವೇ ಇಲ್ಲ. ಆದರೆ ಡ್ರಮ್ ಬಾರಿಸುವವನ ಎದುರು ಕೂತು "ಇದರಲ್ಲಿ ರಾಗ ಎಲ್ಲಿ" ಎಂದು ಯಾರೂ ಕೇಳುವುದಿಲ್ಲ, ಅಲ್ವಾ? ರ‍್ಯಾಪರ್‌ನ ಗಂಟಲು ಕೆಲಸ ಮಾಡುವುದು ಡ್ರಮ್‌ನ ಹಾಗೆ. ಯಾವ ಸ್ವರ ಹಿಡಿದ ಎನ್ನುವುದು ಅಲ್ಲಿ ದೊಡ್ಡ ವಿಷಯವಲ್ಲ. ಯಾವ ಅಕ್ಷರ ಯಾವ ಗಳಿಗೆಯಲ್ಲಿ ಬಿತ್ತು ಎನ್ನುವುದೇ ವಿಷಯ.

ರ‍್ಯಾಪ್‌ನ ಗಮ್ಮತ್ತು ಇರುವುದು ಒಂದು ಕಣ್ಕಟ್ಟಿನಲ್ಲಿ. ಅದು ಮಾತಿನ ಹಾಗೆ ಕೇಳಿಸುತ್ತದೆ. ಯಾರೋ ಎದುರಿಗೆ ನಿಂತು ಮನಸ್ಸಿಗೆ ಬಂದದ್ದನ್ನು ನೇರವಾಗಿ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಅದು ಮಾತಲ್ಲ. ಒಂದೊಂದು ಅಕ್ಷರವನ್ನೂ ಅಳೆದು ಕೂರಿಸಿದ ಕೆಲಸ. ಈ ಕಲೆ ಕೋಟ್ಯಂತರ ಜನರನ್ನು ಸೆಳೆದದ್ದಕ್ಕೂ, ಇದರ ಮೇಲೆ ಐವತ್ತು ವರ್ಷದಿಂದ ಜಗಳ ನಡೆಯುತ್ತಿರುವುದಕ್ಕೂ ಕಾರಣ ಇದೊಂದೇ ಎನ್ನುವುದು ನನ್ನ ಎಣಿಕೆ.

ಅಕ್ಷರ ಬೀಳುವ ಜಾಗ

ಮೊದಲು ಬೀಟ್. ಸಾಮಾನ್ಯವಾಗಿ ಇದು ನಾಲ್ಕು ಏಟಿನ ಒಂದು ಸುತ್ತು. ಈ ಸುತ್ತಿಗೆ ಬಾರ್ ಎನ್ನುತ್ತಾರೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ನೋಡಿ. ಒಂದು ಮತ್ತು ಮೂರಕ್ಕೆ ಕಾಲಿನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್ 'ಧಡ್' ಎನ್ನುತ್ತದೆ. ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಎಂಬ ಚಿಕ್ಕ ಡ್ರಮ್ 'ಛಟ್' ಎನ್ನುತ್ತದೆ. ಎಷ್ಟೇ ಬದಲಾವಣೆ ಮಾಡಿದರೂ ಅಡಿಪಾಯ ಬಹುತೇಕ ಇದೇ. ನಿಮಿಷಕ್ಕೆ 90 ಏಟು ಎಂದಿಟ್ಟುಕೊಳ್ಳಿ. 1990ರ ದಶಕದ ನ್ಯೂಯಾರ್ಕ್ ರ‍್ಯಾಪ್‌ನಲ್ಲಿ ಇದು ಮಾಮೂಲಿ ವೇಗ. ಆಗ ಒಂದು ಬಾರ್‌ಗೆ ಎರಡೂಮುಕ್ಕಾಲು ಸೆಕೆಂಡ್ ಕೂಡ ಸಿಗುವುದಿಲ್ಲ. ಪ್ರತಿ ಏಟನ್ನೂ ನಾಲ್ಕಾಗಿ ಒಡೆದರೆ ಒಂದು ಬಾರ್‌ನಲ್ಲಿ 16 ಜಾಗ. ಒಂದೊಂದು ಜಾಗವೂ ಸೆಕೆಂಡಿನ ಆರನೇ ಒಂದು ಪಾಲು. ರ‍್ಯಾಪರ್ ಅಕ್ಷರ ಇಡುವುದು ಈ ಜಾಗಗಳಲ್ಲಿ. ಕೆಲವೊಮ್ಮೆ ಬೇಕೆಂದೇ ಎರಡು ಜಾಗಗಳ ನಡುವೆ. ಇಂಥ 16 ಬಾರ್ ಸೇರಿದರೆ ಒಂದು ವರ್ಸ್. ಎಲ್ಲ ಸೇರಿ 43 ಸೆಕೆಂಡಿನ ಆಸುಪಾಸು. ಅಷ್ಟರಲ್ಲೇ ಒಂದು ಕಥೆ ಹೇಳಿ ಮುಗಿಸಬೇಕು.

ಬರಹದಲ್ಲಿ ಇದನ್ನು ತೋರಿಸುವುದು ಕಷ್ಟ. ಆದರೂ ಕನ್ನಡದಲ್ಲೇ ಎರಡು ಸಾಲು ಕಟ್ಟಿ ನೋಡೋಣ.

ಬಾಡಿಗೆ ಕಟ್ಟಲು ದುಡ್ಡಿಲ್ಲ
ಯಾರ ಹತ್ತಿರವೂ ಕೇಳಿಲ್ಲ

ಪ್ರಾಸ ಇದೆ. ಆದರೆ ಬಡ ಪ್ರಾಸ. ಎರಡು ಕಡೆ 'ಇಲ್ಲ' ಬಂದಿದೆ, ಅಷ್ಟೇ. ಇಂಥದ್ದನ್ನು ಯಾರು ಬೇಕಾದರೂ ಗಂಟೆಗಟ್ಟಲೆ ಹೇಳಿಕೊಂಡು ಹೋಗಬಹುದು. ಈಗ ಇದನ್ನೇ ಸ್ವಲ್ಪ ತಿದ್ದೋಣ.

ಬಾಡಿಗೆ ಕಟ್ಟಲು ಕಾಸಿಲ್ಲ
ಬಾಗಿಲು ತಟ್ಟಲು ಮಾತಿಲ್ಲ

ಈಗ ಮೊದಲ ಸಾಲಿನ ಪ್ರತಿ ಪದಕ್ಕೂ ಎರಡನೇ ಸಾಲಿನಲ್ಲಿ ಒಂದು ಜೋಡಿ ಇದೆ. ಬಾಡಿಗೆ, ಬಾಗಿಲು. ಕಟ್ಟಲು, ತಟ್ಟಲು. ಕಾಸಿಲ್ಲ, ಮಾತಿಲ್ಲ. ಪ್ರಾಸ ಸಾಲಿನ ಬಾಲದಲ್ಲಿ ಮಾತ್ರ ಇಲ್ಲ, ಮೈತುಂಬ ಇದೆ. ಅರ್ಥವೂ ಮುಂದಕ್ಕೆ ಹೋಗಿದೆ. ದುಡ್ಡಿಲ್ಲ ಎನ್ನುವುದರ ಜೊತೆಗೆ, ಸಾಲ ಕೇಳಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋದರೆ ಬಾಯಿ ಬರುವುದಿಲ್ಲ ಎನ್ನುವ ಸಂಕಟವೂ ಬಂದಿದೆ. ಪ್ರಾಸ ಹುಡುಕುತ್ತಾ ಹೋದದ್ದಕ್ಕೇ ಆ ಅರ್ಥ ಸಿಕ್ಕಿತು. ಒಳ್ಳೆಯ ರ‍್ಯಾಪರ್‌ಗಳಿಗೆ ಪ್ರಾಸ ಅಲಂಕಾರವಲ್ಲ, ಯೋಚನೆ ಮಾಡುವ ದಾರಿ.

ಇನ್ನು ಇದನ್ನು ಬೀಟ್ ಮೇಲೆ ಇಡಬೇಕು. ಮೂರು ಪದ ಇವೆ. ಒಂದು, ಎರಡು, ಮೂರನೇ ಏಟಿಗೆ ಒಂದೊಂದು ಪದ. ನಾಲ್ಕನೇ ಏಟು ಖಾಲಿ. ಎರಡೂ ಸಾಲನ್ನು ಹೀಗೆ ಹೇಳಿದರೆ ತಾಳ ಸರಿಯಾಗಿರುತ್ತದೆ, ಆದರೆ ಸಪ್ಪೆ. ಈಗ ಎರಡನೇ ಸಾಲಿನಲ್ಲಿ ಒಂದು ಚಿಕ್ಕ ಬದಲಾವಣೆ ಮಾಡಿ. 'ಬಾಗಿಲು', 'ತಟ್ಟಲು' ಎಂದು ಎರಡು ಏಟಿಗೆ ಹೇಳಿ. ಮೂರನೇ ಏಟಿಗೆ ಸುಮ್ಮನಿರಿ. ನಾಲ್ಕನೇ ಏಟಿನ ಸ್ನೇರ್ 'ಛಟ್' ಎಂದಾಗ ಸರಿಯಾಗಿ ಅದರ ಮೇಲೆಯೇ 'ಮಾತಿಲ್ಲ' ಎನ್ನಿ. ಕೇಳುವವನ ಕಿವಿ ಮೊದಲ ಸಾಲಿನ ಅಳತೆಯಲ್ಲೇ ಪದ ಬರುತ್ತದೆ ಎಂದು ಕಾದಿರುತ್ತದೆ. ಬರುವುದಿಲ್ಲ. ಆ ಖಾಲಿ ಜಾಗದಲ್ಲಿ ನಿಜವಾಗಿಯೂ ಮಾತಿಲ್ಲ. ಆಮೇಲೆ ಏಟು ಬಿದ್ದ ಹಾಗೆ ಆ ಪದ ಬರುತ್ತದೆ. ಒಂದು ಅಕ್ಷರವೂ ಬದಲಾಗಿಲ್ಲ. ಬದಲಾದದ್ದು ಜಾಗ ಮಾತ್ರ. ಈ ಜಾಗದ ಆಟಕ್ಕೇ ಫ್ಲೋ ಎನ್ನುವುದು.

ಶುರುವಿನ ವರ್ಷಗಳ ರ‍್ಯಾಪ್ ನಮ್ಮ ಮೊದಲ ಜೋಡಿ ಸಾಲಿಗೆ ಹತ್ತಿರ ಇತ್ತು. ಸಾಲಿನ ಕೊನೆಗೆ ಒಂದು ಪ್ರಾಸ, ಅದೂ ಗಟ್ಟಿ ದನಿಯಲ್ಲಿ. ಇದನ್ನು ಮುರಿದವರಲ್ಲಿ ದೊಡ್ಡ ಹೆಸರು ರಾಕಿಮ್. 1987ರಲ್ಲಿ ಡಿಜೆ ಎರಿಕ್ ಬಿ ಜೊತೆ ಅವನ ಮೊದಲ ಆಲ್ಬಂ ಬಂತು. ರಾಕಿಮ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು. ಜಾಜ್ ದಿಗ್ಗಜ ಜಾನ್ ಕೋಲ್ಟ್ರೇನ್ ಅವರ ನುಡಿಸಾಣಿಕೆಯಿಂದ ಕಲಿತೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅವನು ಕೂಗುವುದಿಲ್ಲ. ತಣ್ಣಗೆ ಹೇಳುತ್ತಾನೆ. ವಾಕ್ಯ ಬಾರ್‌ನ ಕೊನೆಗೆ ನಿಲ್ಲುವುದಿಲ್ಲ, ಗೆರೆ ದಾಟಿ ಮುಂದಿನ ಬಾರ್‌ನ ನಡುವೆ ಎಲ್ಲೋ ಮುಗಿಯುತ್ತದೆ. ಪ್ರಾಸ ಸಾಲಿನ ಒಳಗೇ ಎರಡು ಮೂರು ಸಲ ಬಂದು ಹೋಗಿರುತ್ತದೆ. ಅವನ ನಂತರ ಬಂದವರಿಗೆ ಯಾರಿಗೂ ಹಳೆಯ ರೀತಿಗೆ ಹಿಂದಿರುಗಲು ಆಗಲಿಲ್ಲ.

ಒಂದು ಏಟಿಗೆ ನಾಲ್ಕರ ಬದಲು ಮೂರು ಅಕ್ಷರ ಕೂರಿಸುವ ಇನ್ನೊಂದು ರೀತಿಯೂ ಇದೆ. 'ಬಾಡಿಗೆ ಕಟ್ಟಲು ಕಾಸಿಲ್ಲ' ಅದೇ ಓಟದ್ದು, ಪದಕ್ಕೆ ಮೂರು ಅಕ್ಷರ. 1990ರ ದಶಕದಲ್ಲಿ ಮೆಂಫಿಸ್‌ನ ಥ್ರೀ ಸಿಕ್ಸ್ ಮಾಫಿಯಾ ತರಹದ ಗುಂಪುಗಳು ಇದನ್ನು ಬಳಸುತ್ತಿದ್ದವು. 2013ರ ಹೊತ್ತಿಗೆ ಅಟ್ಲಾಂಟಾದ ಮಿಗೋಸ್ ಇದನ್ನು ಎಷ್ಟು ಜನಪ್ರಿಯ ಮಾಡಿದರೆಂದರೆ, ಆಮೇಲೆ ಕೆಲವು ವರ್ಷ ಎಲ್ಲಿ ನೋಡಿದರೂ ಇದೇ ಓಟ.

ವೇಗದ ಬಗ್ಗೆ ಒಂದು ಮಾತು. ಎಮಿನೆಮ್ 2013ರ ಒಂದು ಹಾಡಿನಲ್ಲಿ 6 ನಿಮಿಷ 4 ಸೆಕೆಂಡಿಗೆ 1,560 ಪದ ಹೇಳಿ ಗಿನ್ನೆಸ್ ದಾಖಲೆ ಸೇರಿದ. ಹೊಸಬರಿಗೆ ರ‍್ಯಾಪ್‌ನ ಪ್ರತಿಭೆ ಎಂದರೆ ಇದೇ ಅನ್ನಿಸುತ್ತದೆ. ನನಗೆ ಇದು ಸರ್ಕಸ್. ನೋಡಲು ಮಜಾ ಇದೆ, ಬೇಡ ಅನ್ನುವುದಿಲ್ಲ. ಆದರೆ ದಿ ನಟೋರಿಯಸ್ ಬಿ.ಐ.ಜಿ. ಎನ್ನುವ ದಪ್ಪ ದನಿಯ ಆಸಾಮಿ ಒಂದು ಪದವನ್ನು ಅರ್ಧ ಗಳಿಗೆ ತಡ ಮಾಡಿ ಬೀಳಿಸುವುದರಲ್ಲಿ ಅದಕ್ಕಿಂತ ಜಾಸ್ತಿ ಕಲೆ ಇದೆ. ಅವನು ಬಹುತೇಕ ಕಾಗದದ ಮೇಲೆ ಬರೆಯುತ್ತಲೇ ಇರಲಿಲ್ಲ. ತಲೆಯಲ್ಲೇ ಕಟ್ಟಿ, ಮೈಕ್ ಮುಂದೆ ನಿಂತು ಒಪ್ಪಿಸುತ್ತಿದ್ದ. ಸಾಲು ಮಾತಿನ ಹಾಗೆ ಹರಿಯುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಎರಡು ಟರ್ನ್‌ಟೇಬಲ್, ಒಂದೇ ರೆಕಾರ್ಡ್

ಬೀಟ್ ಎಲ್ಲಿಂದ ಬಂತು? ಇದಕ್ಕೆ ವಿಳಾಸ ಸಮೇತ ಉತ್ತರ ಇದೆ. ನ್ಯೂಯಾರ್ಕ್‌ನ ಬ್ರಾಂಕ್ಸ್, 1520 ಸೆಜ್‌ವಿಕ್ ಅವೆನ್ಯೂ. 1973ರ ಆಗಸ್ಟ್ 11. ಆ ಕಟ್ಟಡದ ಸಮುದಾಯ ಕೋಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಲು ನಿಂತವನು ಅವಳ ಅಣ್ಣ ಕ್ಲೈವ್. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ, 1967ರಲ್ಲಿ ಬ್ರಾಂಕ್ಸ್‌ಗೆ ಬಂದವನು. ಜನ ಅವನನ್ನು ಕರೆಯುತ್ತಿದ್ದದ್ದು ಡಿಜೆ ಕೂಲ್ ಹರ್ಕ್ ಎಂದು.

ಹರ್ಕ್ ಒಂದು ವಿಷಯ ಗಮನಿಸಿದ್ದ. ಫಂಕ್ ಹಾಡುಗಳಲ್ಲಿ ನಡುವೆ ಎಲ್ಲೋ ಹಾಡು ನಿಂತು, ಬರೀ ಡ್ರಮ್ ಮತ್ತು ತಾಳವಾದ್ಯ ಮಾತ್ರ ಕೇಳಿಸುವ ಕೆಲವು ಸೆಕೆಂಡ್ ಇರುತ್ತದೆ. ಇದಕ್ಕೆ ಬ್ರೇಕ್ ಎನ್ನುತ್ತಾರೆ. ಕುಣಿಯುವ ಹುಡುಗರು ಇಡೀ ಹಾಡಿಗೆ ಗೋಡೆಗೆ ಒರಗಿ ನಿಂತು, ಬ್ರೇಕ್ ಬಂದ ಕೂಡಲೇ ನುಗ್ಗುತ್ತಿದ್ದರು. ಅಷ್ಟರಲ್ಲಿ ಬ್ರೇಕ್ ಮುಗಿದು ಹೋಗುತ್ತಿತ್ತು. ಹರ್ಕ್ ಅದೇ ರೆಕಾರ್ಡ್‌ನ ಎರಡು ಪ್ರತಿ ತಂದು ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್‌ಗೆ ಹಾಕಿದ. ಒಂದರಲ್ಲಿ ಬ್ರೇಕ್ ಮುಗಿಯುವ ಹೊತ್ತಿಗೆ ಇನ್ನೊಂದರಲ್ಲಿ ಅದನ್ನೇ ಶುರು ಮಾಡಿದ. ಅದು ಮುಗಿಯುವಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿಟ್ಟ. ಕೆಲವೇ ಸೆಕೆಂಡಿನ ತಾಳ ಎಷ್ಟು ಹೊತ್ತು ಬೇಕಾದರೂ ಓಡುವಂತಾಯಿತು. ರ‍್ಯಾಪ್‌ನ ಲೂಪ್ ಹುಟ್ಟಿದ್ದು ಹೀಗೆ. ಬ್ರೇಕ್‌ಗೆ ಕುಣಿಯುತ್ತಿದ್ದವರು ಬಿ-ಬಾಯ್, ಬಿ-ಗರ್ಲ್ ಆದರು. ಅವರ ಕುಣಿತ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಹೋಯಿತು. ಹರ್ಕ್‌ನ ಗೆಳೆಯ ಕೋಕ್ ಲಾ ರಾಕ್ ಮೈಕ್ ಹಿಡಿದು ಬಂದವರ ಹೆಸರು ಕೂಗುತ್ತಾ, ಚುಟುಕು ಸಾಲುಗಳನ್ನು ಎಸೆಯುತ್ತಾ ಇದ್ದ. ಹೀಗೆ ಮೈಕ್ ಹಿಡಿದು ಸಾಲು ಕಟ್ಟುವ ಎಂಸಿಗಳ ಸಾಲಿನಲ್ಲಿ ಅವನ ಹೆಸರು ಮೊದಲು ಬರುತ್ತದೆ. ಅಂದರೆ ಆಗ ಮಾತು ಬೀಟ್‌ಗೆ ಸೇವಕ. ಪಾರ್ಟಿಯ ನಾಯಕ ಡಿಜೆಯೇ.

ಹರ್ಕ್‌ನ ಕೈ ಸ್ವಲ್ಪ ಒರಟು. ಒಂದು ರೆಕಾರ್ಡ್‌ನಿಂದ ಇನ್ನೊಂದಕ್ಕೆ ಹಾರುವಾಗ ತಾಳ ತಪ್ಪುತ್ತಿತ್ತು. ಅದನ್ನು ಸರಿಪಡಿಸಿದವನು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಎಲೆಕ್ಟ್ರಾನಿಕ್ಸ್ ಓದಿದ್ದ ಹುಡುಗ. ಬ್ರೇಕ್ ಶುರುವಾಗುವ ಜಾಗಕ್ಕೆ ರೆಕಾರ್ಡ್ ಮೇಲೆಯೇ ಕ್ರೇಯಾನ್‌ನಿಂದ ಗುರುತು ಹಾಕಿದ. ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕು ಎನ್ನುವುದು ಕಣ್ಣಿಗೇ ಕಾಣುವಂತಾಯಿತು. ರೆಕಾರ್ಡ್ ಮುಟ್ಟಿದರೆ ಹಾಳಾಗುತ್ತದೆ ಎಂದು ಎಲ್ಲರೂ ಅಂಚು ಹಿಡಿಯುತ್ತಿದ್ದ ಕಾಲ ಅದು. ಅವನು ಬೆರಳುಗಳನ್ನು ನೇರ ಅದರ ಮೈಮೇಲೆ ಇಟ್ಟ. ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್ ಎಂಬ ಇನ್ನೂ ಚಿಕ್ಕ ಹುಡುಗ ರೆಕಾರ್ಡನ್ನು ಹಿಂದೆ ಮುಂದೆ ಉಜ್ಜಿ 'ಸ್ಕ್ರ್ಯಾಚ್' ಸದ್ದು ತೆಗೆದ. ಹಾಡು ಕೇಳಿಸಲು ಮಾಡಿದ ಯಂತ್ರವೇ ವಾದ್ಯವಾಯಿತು.

ಬಡತನದ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿ ಬಡಾವಣೆಗಳನ್ನು ಸೀಳಿಕೊಂಡು ಹೋಗಿ ಸಾವಿರಾರು ಜನರ ಮನೆ ಕಿತ್ತಿತ್ತು. 1970ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸ್‌ನ ಕಟ್ಟಡಗಳು ಸಾಲುಸಾಲಾಗಿ ಸುಟ್ಟುಹೋದವು. ಕೆಲವಕ್ಕೆ ವಿಮೆ ಹಣದ ಆಸೆಗೆ ಮಾಲೀಕರೇ ಬೆಂಕಿ ಇಡಿಸಿದ್ದರು. 1975ರಲ್ಲಿ ನ್ಯೂಯಾರ್ಕ್ ನಗರದ ಬೊಕ್ಕಸವೇ ಬರಿದಾಗಿತ್ತು. ಇಷ್ಟೆಲ್ಲ ನಿಜ. ಆದರೆ "ವಾದ್ಯ ಕೊಳ್ಳಲು ಗತಿ ಇಲ್ಲದೆ ರೆಕಾರ್ಡ್ ತಿರುಗಿಸಿದರು" ಎಂದು ಮುಗಿಸಿಬಿಡುವುದು ನನಗೆ ಒಪ್ಪಿಗೆ ಇಲ್ಲ. ಎರಡು ಟರ್ನ್‌ಟೇಬಲ್, ಎರಡರ ಸದ್ದನ್ನೂ ಬೆರೆಸುವ ಮಿಕ್ಸರ್, ಆಳೆತ್ತರದ ಸ್ಪೀಕರ್, ಪೆಟ್ಟಿಗೆಗಟ್ಟಲೆ ರೆಕಾರ್ಡ್ ಅಗ್ಗದ ಮಾಲಲ್ಲ. ಅವರಿಗೆ ಬೇಕಿದ್ದ ಸದ್ದು ಅದು. ಹಾಡಿನ ಉಳಿದ ಭಾಗವನ್ನೆಲ್ಲ ಎಸೆದು ಆ ಕೆಲವು ಸೆಕೆಂಡೇ ಸಾಕು ಎಂದು ಆರಿಸಿಕೊಂಡದ್ದು ಕಿವಿ, ಖಾಲಿ ಜೇಬಲ್ಲ.

1980ರ ದಶಕದಲ್ಲಿ ಈ ಕೈಕೆಲಸ ಯಂತ್ರಕ್ಕೆ ಹೋಯಿತು. ಹಳೆಯ ರೆಕಾರ್ಡ್‌ನಿಂದ ಒಂದು ತುಣುಕು ಕತ್ತರಿಸಿ ನೆನಪಿಟ್ಟುಕೊಳ್ಳುವ ಸ್ಯಾಂಪ್ಲರ್‌ಗಳು ಬಂದವು. 1987ರ ಎಸ್‌ಪಿ-1200 ಯಂತ್ರದಲ್ಲಿ ಇದ್ದದ್ದು ಒಟ್ಟು ಹತ್ತು ಸೆಕೆಂಡಿನಷ್ಟು ಜಾಗ. ಅದಕ್ಕೆ ಬೀಟ್ ಕಟ್ಟುವ ನಿರ್ಮಾಪಕರು ಒಂದು ಉಪಾಯ ಮಾಡಿದರು. ನಿಮಿಷಕ್ಕೆ 33 ಸುತ್ತಿನ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಳ್ಳುವುದು, ಆಮೇಲೆ ಯಂತ್ರದ ಒಳಗೆ ನಿಧಾನ ಮಾಡುವುದು. ಜಾಗ ಉಳಿಯಿತು. ಜೊತೆಗೆ ಸದ್ದು ತರಿತರಿಯಾಗಿ, ಧೂಳು ಹಿಡಿದಂತೆ ಆಯಿತು. ಆ ಧೂಳನ್ನೇ ಜನ ಇಷ್ಟಪಟ್ಟರು. ಇವತ್ತು ಅದೇ ತರಿತರಿ ಸದ್ದಿಗಾಗಿ ಸಾಫ್ಟ್‌ವೇರ್ ಮಾರುತ್ತಾರೆ. ಡೆಟ್ರಾಯಿಟ್‌ನ ನಿರ್ಮಾಪಕ ಜೆ ಡಿಲ್ಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತಾಳವನ್ನು ತಾನಾಗಿ ಸರಿಪಡಿಸುವ ಸೌಲಭ್ಯ ಯಂತ್ರದಲ್ಲಿತ್ತು. ಅವನು ಎಷ್ಟೋ ಬೀಟ್‌ಗಳಲ್ಲಿ ಅದನ್ನು ಬಳಸದೆ ಬೆರಳಿನಲ್ಲೇ ಬಾರಿಸಿದ. ಒಂದು ಏಟು ಒಂಚೂರು ಮುಂಚೆ, ಇನ್ನೊಂದು ಒಂಚೂರು ತಡ. ಕೇಳಿದರೆ ಅಮಲೇರಿದವನ ನಡಿಗೆ, ಆದರೆ ಬೀಳುವುದಿಲ್ಲ. ಅವನು 2006ರಲ್ಲಿ ತೀರಿಕೊಂಡ. ಅವನು ಬೀಟ್ ಕಟ್ಟುತ್ತಿದ್ದ ಎಂಪಿಸಿ ಎಂಬ ಸ್ಯಾಂಪ್ಲರ್ ಯಂತ್ರ ಈಗ ವಾಷಿಂಗ್ಟನ್‌ನ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಇನ್ನೊಬ್ಬರ ರೆಕಾರ್ಡ್‌ನಿಂದ ತುಣುಕು ತೆಗೆಯುವುದು "ಕಳ್ಳತನ ಅಲ್ವಾ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಮೇಲಿನ ಮೊಕದ್ದಮೆಯಲ್ಲಿ ನ್ಯೂಯಾರ್ಕ್‌ನ ನ್ಯಾಯಾಧೀಶರು ತೀರ್ಪನ್ನು ಶುರು ಮಾಡಿದ್ದೇ "ಕದಿಯಬೇಡ" ಎಂಬ ಬೈಬಲ್‌ನ ಆಜ್ಞೆಯಿಂದ. ಅಲ್ಲಿಂದ ಮುಂದೆ ಪ್ರತಿ ತುಣುಕಿಗೂ ಅನುಮತಿ, ಪ್ರತಿ ಅನುಮತಿಗೂ ದುಡ್ಡು. ಒಂದೇ ಹಾಡಿನಲ್ಲಿ ಹತ್ತಾರು ತುಣುಕು ಹೆಣೆಯುವ ಕಲೆ ಹೆಚ್ಚುಕಡಿಮೆ ಅಲ್ಲಿಗೆ ನಿಂತಿತು. ಡಿ ಲಾ ಸೋಲ್ ಗುಂಪಿನ 1989ರ ಆಲ್ಬಂ ಇಂಥ ತುಣುಕುಗಳ ಹಬ್ಬ. ಅನುಮತಿಗಳ ತಕರಾರಿನಿಂದ ಅದು ಸ್ಟ್ರೀಮಿಂಗ್‌ಗೆ ಬಂದದ್ದು 2023ರಲ್ಲಿ. ಇದು ಒಂದು ಕಡೆ. ಇನ್ನೊಂದು ಕಡೆ ಗ್ರೆಗೊರಿ ಕೋಲ್ಮನ್ ಇದ್ದಾರೆ. 1969ರಲ್ಲಿ ದಿ ವಿನ್‌ಸ್ಟನ್ಸ್ ಗುಂಪಿಗೆ ಡ್ರಮ್ ಬಾರಿಸಿದವರು. ಅವರ ಆರೇಳು ಸೆಕೆಂಡಿನ ಒಂದು ಬ್ರೇಕ್ ಸಾವಿರಾರು ಹಾಡುಗಳಲ್ಲಿ ಸೇರಿಕೊಂಡಿದೆ. ಅದಕ್ಕೆ ಅವರಿಗೆ ಬಿಡಿಗಾಸು ಬರಲಿಲ್ಲ. 2006ರಲ್ಲಿ ಸೂರಿಲ್ಲದೆ ಸತ್ತರು. ತುಣುಕನ್ನು ಹೊಸದಾಗಿ ಕಟ್ಟುವುದು ಕಲೆ ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆ ಕಲೆ ಬಾರಿಸಿದವನ ಬೆವರಿಗೆ ಬೆಲೆ ಕೊಡದೆ ಬೆಳೆಯಿತು ಎನ್ನುವುದರಲ್ಲೂ ಇಲ್ಲ.

ಸಾಲು ಯಾರದ್ದು?

ರ‍್ಯಾಪ್ ರೆಕಾರ್ಡ್ ಆಗಿ ಮೊದಲ ಸಲ ದೊಡ್ಡ ಗೆಲುವು ಕಂಡದ್ದು 1979ರಲ್ಲಿ, ಶುಗರ್‌ಹಿಲ್ ಗ್ಯಾಂಗ್‌ನ 'ರ‍್ಯಾಪರ್ಸ್ ಡಿಲೈಟ್'ನಿಂದ. ಅದರಲ್ಲೇ ಒಂದು ತಮಾಷೆಯ ಕಳ್ಳತನ ಇದೆ. ನ್ಯೂಜೆರ್ಸಿಯ ನಿರ್ಮಾಪಕಿ ಸಿಲ್ವಿಯಾ ರಾಬಿನ್ಸನ್ ಮೂವರು ಹುಡುಗರನ್ನು ಸೇರಿಸಿ ಗುಂಪು ಕಟ್ಟಿದರು. ಅವರಲ್ಲಿ ಒಬ್ಬ ಬಿಗ್ ಬ್ಯಾಂಕ್ ಹ್ಯಾಂಕ್. ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನಿಗೆ ಸ್ವಂತ ಸಾಲುಗಳಿರಲಿಲ್ಲ. ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್‌ನ ಸಾಲುಗಳನ್ನು ತಂದು ಒಪ್ಪಿಸಿದ. ಹೆಸರು ಕೂಡ ಬದಲಿಸಲಿಲ್ಲ. ಕ್ಯಾಜ್‌ಗೆ ಮುಂಚೆ ಕ್ಯಾಸನೋವಾ ಫ್ಲೈ ಎಂಬ ಹೆಸರಿತ್ತು. ಹ್ಯಾಂಕ್ ರೆಕಾರ್ಡ್‌ನಲ್ಲಿ ತನ್ನ ಪರಿಚಯ ಹೇಳುತ್ತಾ 'ಕ್ಯಾಸನೋವಾ' ಎಂದು ಅಕ್ಷರ ಬಿಡಿಸಿ ಹೇಳುತ್ತಾನೆ! ಕ್ಯಾಜ್‌ಗೆ ಹೆಸರೂ ಸಿಗಲಿಲ್ಲ, ದುಡ್ಡೂ ಸಿಗಲಿಲ್ಲ. ಇನ್ನೊಬ್ಬರು ಬರೆದದ್ದನ್ನು ಹಾಡುವುದು ಬೇರೆ ಸಂಗೀತದಲ್ಲಿ ಮಾಮೂಲಿ. ರ‍್ಯಾಪ್‌ನಲ್ಲಿ ಇವತ್ತಿಗೂ ಅದು ದೊಡ್ಡ ಆಪಾದನೆ. ಯಾಕೆಂದರೆ ಅಲ್ಲಿ ಕೇಳುವವನಿಗೆ ಸಿಕ್ಕಿರುವ ಭರವಸೆಯೇ "ಇದು ನನ್ನ ಮಾತು" ಎನ್ನುವುದು.

ಇಬ್ಬರು ಎದುರುಬದುರು ನಿಂತು ಸಾಲುಗಳಲ್ಲೇ ಕಾದಾಡುವ ಬ್ಯಾಟಲ್‌ಗಳು ಇಷ್ಟು ಮುಖ್ಯವಾಗಲು ಇದೇ ಕಾರಣ. 1981ರ ಡಿಸೆಂಬರ್‌ನಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್‌ನಲ್ಲಿ ಬಿಜಿ ಬೀ ಮತ್ತು ಕೂಲ್ ಮೋ ಡೀ ಎದುರುಬದುರಾದರು. ಬಿಜಿ ಬೀ ಜನರನ್ನು ಕುಣಿಸುವುದರಲ್ಲಿ ಎತ್ತಿದ ಕೈ. ಜನರ ಹತ್ತಿರ ಕೂಗಿಸುವುದು, ನಗಿಸುವುದು, ಹಳೆಯ ಸಾಲುಗಳನ್ನೇ ಮತ್ತೆ ಹೇಳುವುದು. ಕೂಲ್ ಮೋ ಡೀ ಬಂದವನೇ ಅವನ ಒಂದೊಂದು ಚಾಳಿಯನ್ನೂ ಹೆಸರು ಹಿಡಿದು, ಪ್ರಾಸ ಕಟ್ಟಿ ಬಿಚ್ಚಿಟ್ಟ. ಅದರ ಕ್ಯಾಸೆಟ್ ಕೈಯಿಂದ ಕೈಗೆ ಹೋಯಿತು. ಜನರನ್ನು ಕುಣಿಸುವವನು ದೊಡ್ಡವನಾ, ಸಾಲು ಕಟ್ಟುವವನು ದೊಡ್ಡವನಾ ಎಂಬ ಪ್ರಶ್ನೆಗೆ ಆ ರಾತ್ರಿ ಒಂದು ಉತ್ತರ ಸಿಕ್ಕಿತು.

ಈ ಬೈದಾಟಕ್ಕೆ ಬೇರು ಹಳೆಯದು. ಕರಿಯ ಅಮೆರಿಕನ್ನರಲ್ಲಿ 'ಡಜನ್ಸ್' ಎಂಬ ಮಾತಿನ ಆಟ ಇದೆ. ಇಬ್ಬರು ಎದುರು ನಿಂತು, ಸುತ್ತ ಜನ ಸೇರಿಸಿಕೊಂಡು, ಒಬ್ಬರ ತಾಯಿಯನ್ನು ಇನ್ನೊಬ್ಬರು ಆಡಿಕೊಳ್ಳುವುದು. ಸಿಟ್ಟು ಬಂದು ಕೈ ಎತ್ತಿದವನು ಸೋತ ಹಾಗೆ. ಅಲ್ಲಿ ಹೇಳಿದ್ದು ನಿಜ ಅಲ್ಲ ಎನ್ನುವುದು ಆಡುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ರ‍್ಯಾಪರ್ "ನನ್ನಷ್ಟು ದುಡ್ಡು ಯಾರಿಗಿದೆ, ನನ್ನ ಮುಂದೆ ನೀನ್ಯಾವ ಲೆಕ್ಕ" ಎಂದು ಕೊಚ್ಚಿಕೊಳ್ಳುವಾಗ ಅದನ್ನು ಈ ಆಟದ ಮುಂದುವರಿಕೆ ಎಂದು ಕೇಳಬೇಕು. ಎಷ್ಟು ಕೊಚ್ಚಿಕೊಂಡ ಎನ್ನುವುದನ್ನು ಬಿಡಿ, ಎಷ್ಟು ಹೊಸ ರೀತಿಯಲ್ಲಿ ಕೊಚ್ಚಿಕೊಂಡ ಎನ್ನುವುದನ್ನು ನೋಡಿ. 2024ರಲ್ಲಿ ಕೆಂಡ್ರಿಕ್ ಲಾಮಾರ್ ಮತ್ತು ಡ್ರೇಕ್ ಎಂಬ ಇಬ್ಬರು ರ‍್ಯಾಪರ್‌ಗಳು ಒಬ್ಬರ ಮೇಲೊಬ್ಬರು ಹಾಡು ಬಿಟ್ಟು ಆಡಿದ ಜಗಳದಲ್ಲಿ ಲಕ್ಷಾಂತರ ಜನ ರಾತ್ರಿಯೆಲ್ಲ ಕೂತು ಒಂದೊಂದು ಸಾಲಿನ ಒಳ ಅರ್ಥ ಬಿಡಿಸುತ್ತಿದ್ದರು. ಕವಿತೆಯ ಸಾಲುಗಳಿಗೆ ಇಷ್ಟು ಜನ ಇಷ್ಟು ತಲೆ ಕೆಡಿಸಿಕೊಳ್ಳುವುದು ಈ ಕಾಲದಲ್ಲಿ ಬೇರೆಲ್ಲೂ ನಾನು ಕಂಡಿಲ್ಲ.

'ನಾನು' ಎಂದರೆ ಯಾರು?

ಮಾತಿನ ಹಾಗೆ ಕೇಳಿಸುವ ಕಲೆಗೆ ಇರುವ ದೊಡ್ಡ ಅಪಾಯ ಅದನ್ನು ಬರೀ ಮಾತು ಎಂದು ತಿಳಿಯುವುದು. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ಹೆಸರಿನಲ್ಲಿ 'ದಿ ಮೆಸೇಜ್' ಬಂತು. ಪಾರ್ಟಿ ಬಿಟ್ಟು ಬಡ ಬೀದಿಯ ದಿನನಿತ್ಯದ ಬಗ್ಗೆ ನಿಧಾನವಾಗಿ ಹೇಳಿದ ಹಾಡು. ಗುಂಪಿನವರಿಗೆ ಮೊದಲು ಅದು ಇಷ್ಟವೇ ಇರಲಿಲ್ಲ. ಯಾರು ಕುಣಿಯುತ್ತಾರೆ ಇದಕ್ಕೆ ಎಂದರು. ಗುಂಪಿನಿಂದ ಅದರಲ್ಲಿ ರ‍್ಯಾಪ್ ಮಾಡಿದ್ದು ಮೆಲೆ ಮೆಲ್ ಒಬ್ಬನೇ. ಬ್ರಾಂಕ್ಸ್ ಗೊತ್ತಿಲ್ಲದವರಿಗೂ ಆ ಬೀದಿ ಕಣ್ಣ ಮುಂದೆ ಬಂತು. ಅಲ್ಲಿಂದ ರ‍್ಯಾಪ್ ಎಂದರೆ ಬೀದಿಯ ವರದಿ ಎಂಬ ಹೆಸರು ಅಂಟಿಕೊಂಡಿತು.

ವರದಿ ಎನ್ನುವುದು ಅರ್ಧ ಮಾತ್ರ. ನಾಸ್ ಎಂಬ ರ‍್ಯಾಪರ್ 1996ರ ಒಂದು ಹಾಡನ್ನು ಇಡೀ ಬಂದೂಕಿನ ಬಾಯಲ್ಲಿ ಹೇಳಿಸಿದ್ದಾನೆ. ಅಲ್ಲಿ 'ನಾನು' ಎಂದರೆ ಕೈಯಿಂದ ಕೈಗೆ ಹೋಗಿ ಬೇಸತ್ತ ಒಂದು ಬಂದೂಕು. ಎಮಿನೆಮ್ 2000ದಲ್ಲಿ ಹುಚ್ಚು ಅಭಿಮಾನಿಯೊಬ್ಬ ಬರೆಯುವ ಪತ್ರಗಳ ಮೂಲಕವೇ ಕಥೆ ನಡೆಸುತ್ತಾನೆ. ಬಿ.ಐ.ಜಿ. ಒಂದು ಹಾಡಿನಲ್ಲಿ ದರೋಡೆಗೆ ಹೊರಟ ಇಬ್ಬರ ಮಾತನ್ನೂ ತಾನೇ ಎರಡು ದನಿಯಲ್ಲಿ ಆಡುತ್ತಾನೆ. ಇವೆಲ್ಲ ಪಾತ್ರಗಳು. ಕಾದಂಬರಿಯ ಕೊಲೆಗಾರನ ಮಾತಿಗೆ ಕಾದಂಬರಿಕಾರನನ್ನು ಯಾರೂ ಹಿಡಿದು ಕೇಳುವುದಿಲ್ಲ. ರ‍್ಯಾಪರ್‌ನನ್ನು ಕೇಳುತ್ತಾರೆ.

ಇದನ್ನು ಒಂದು ಪ್ರಯೋಗ ಚೆನ್ನಾಗಿ ತೋರಿಸಿತು. ಕ್ಯಾರಿ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞೆ 1996ರಲ್ಲಿ ಪ್ರಕಟಿಸಿದ್ದು. ಪೊಲೀಸನನ್ನು ಕೊಂದವನ ಕೆಲವು ಸಾಲುಗಳನ್ನು ಅವರು ಕಾಗದದಲ್ಲಿ ಬರೆದು ಜನರಿಗೆ ಓದಲು ಕೊಟ್ಟರು. ನಿಜಕ್ಕೂ ಅವು 1960ರ ಒಂದು ಫೋಕ್ ಹಾಡಿನವು, ಹಾಡಿದವರು ಕಿಂಗ್‌ಸ್ಟನ್ ಟ್ರಯೋ ಎಂಬ ಬಿಳಿಯರ ಗುಂಪು. ಓದುವವರಿಗೆ ಅದನ್ನು ಹೇಳಲಿಲ್ಲ. ಕೆಲವರಿಗೆ "ಇದು ರ‍್ಯಾಪ್" ಎಂದರು, ಕೆಲವರಿಗೆ "ಇದು ಕಂಟ್ರಿ ಹಾಡು", ಅಂದರೆ ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡು ಎಂದರು. ಸಾಲು ಅದೇ. ರ‍್ಯಾಪ್ ಎಂದುಕೊಂಡವರಿಗೆ ಅದು ಹೆಚ್ಚು ಅಸಹ್ಯ, ಹೆಚ್ಚು ಅಪಾಯಕಾರಿ, ಕಡಿವಾಣ ಹಾಕಲೇಬೇಕಾದದ್ದು ಅನ್ನಿಸಿತು. 2016ರಲ್ಲಿ ಬೇರೆ ಸಂಶೋಧಕರು ಇಂಥದ್ದೇ ಪ್ರಯೋಗ ಮಾಡಿದಾಗಲೂ ರ‍್ಯಾಪ್ ಮೇಲಿನ ಈ ಅನುಮಾನ ಎದ್ದು ಕಂಡಿತು.

ಇದು ಕೋಣೆಯೊಳಗಿನ ಪ್ರಯೋಗ ಮಾತ್ರ ಅಲ್ಲ. ಅಮೆರಿಕದ ನ್ಯಾಯಾಲಯಗಳಲ್ಲಿ ಆರೋಪಿಯ ರ‍್ಯಾಪ್ ಸಾಲುಗಳನ್ನು ತಪ್ಪೊಪ್ಪಿಗೆಯ ಹಾಗೆ ಓದಿ ಹೇಳುವುದು ಎಷ್ಟೋ ಕಾಲದಿಂದ ನಡೆದಿದೆ. ಅಟ್ಲಾಂಟಾದಲ್ಲಿ ರ‍್ಯಾಪರ್ ಯಂಗ್ ಥಗ್ ಮೇಲಿನ ಮೊಕದ್ದಮೆಯಲ್ಲಿ 2023ರಲ್ಲಿ ನ್ಯಾಯಾಧೀಶರು ಕೆಲವು ಸಾಲುಗಳನ್ನು ಸಾಕ್ಷ್ಯವಾಗಿ ತರಲು ಷರತ್ತಿನ ಮೇಲೆ ಒಪ್ಪಿದರು. ಕ್ಯಾಲಿಫೋರ್ನಿಯಾ ಅದೇ ವರ್ಷದ ಆರಂಭದಿಂದ ಇಂಥ ಬಳಕೆಗೆ ಕಡಿವಾಣ ಹಾಕುವ ಕಾನೂನು ಜಾರಿಗೆ ತಂದಿತ್ತು.

ಹಾಗಂತ ಎಲ್ಲವನ್ನೂ "ಅದು ಪಾತ್ರ ಕಣ್ರೀ" ಎಂದು ತೇಲಿಸಿಬಿಡಲು ಆಗುವುದಿಲ್ಲ. ಹೆಣ್ಣನ್ನು ಕೀಳಾಗಿ ಕಾಣುವ ಸಾಲುಗಳು ರ‍್ಯಾಪ್‌ನಲ್ಲಿ ರಾಶಿ ರಾಶಿ ಇವೆ. ಒಂದು ಹಾಡಿನಲ್ಲಿ ಬಂದರೆ ಪಾತ್ರ ಎನ್ನಬಹುದು. ಸಾವಿರ ಹಾಡಿನಲ್ಲಿ ಅದೇ ಬೈಗುಳ ಬಂದರೆ ಅದು ಚಟ. ಅದನ್ನು ಮಾರಿ ದುಡ್ಡು ಮಾಡಿದ ಕಂಪನಿಗಳಿಗೆ ಆ ಚಟ ಬಿಡಿಸುವ ಆತುರವೂ ಇರಲಿಲ್ಲ. ಇದಕ್ಕೆ ಒಳಗಿನಿಂದಲೇ ಉತ್ತರ ಬಂದದ್ದೂ ಉಂಟು, ಬೇಗನೆ ಕೂಡ. 1984ರಲ್ಲಿ ನ್ಯೂಯಾರ್ಕ್‌ನ ಕ್ವೀನ್ಸ್‌ಬ್ರಿಜ್‌ನ 14 ವರ್ಷದ ಹುಡುಗಿ ರಾಕ್ಸಾನ್ ಶಾಂಟೆ, ತಮಗೆ ಸೊಪ್ಪು ಹಾಕದ ಹುಡುಗಿಯೊಬ್ಬಳ ಬಗ್ಗೆ ಹುಡುಗರ ಗುಂಪೊಂದು ಮಾಡಿದ ಹಾಡಿಗೆ ಆ ಹುಡುಗಿಯ ದನಿಯಲ್ಲೇ ತಿರುಗೇಟು ಕೊಟ್ಟಳು. ಅದಕ್ಕೆ ಉತ್ತರ, ಆ ಉತ್ತರಕ್ಕೆ ಉತ್ತರ ಎಂದು ಹತ್ತಾರು ರೆಕಾರ್ಡ್‌ಗಳು ಬಂದವು. ಆಮೇಲೆ ಎಂಸಿ ಲೈಟ್, ಕ್ವೀನ್ ಲತೀಫಾ, ಮಿಸ್ಸಿ ಎಲಿಯಟ್ ತರಹದ ರ‍್ಯಾಪರ್ ಹೆಣ್ಣುಮಕ್ಕಳು ಬಂದರು. 1999ರಲ್ಲಿ ಲಾರಿನ್ ಹಿಲ್ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಪಡೆದಳು.

ಪ್ರಶಸ್ತಿಯ ಮಾತು ಬಂತಲ್ಲ, 2018ರಲ್ಲಿ ಕೆಂಡ್ರಿಕ್ ಲಾಮಾರ್‌ಗೆ ಅಮೆರಿಕದ ದೊಡ್ಡ ಗೌರವಗಳಲ್ಲಿ ಒಂದಾದ ಸಂಗೀತದ ಪುಲಿಟ್ಜರ್ ಸಿಕ್ಕಿತು. ಶಾಸ್ತ್ರೀಯ ಮತ್ತು ಜಾಜ್ ಬಿಟ್ಟು ಹೊರಗಿನವರಿಗೆ ಅದು ಸಿಕ್ಕಿದ್ದು ಮೊದಲ ಸಲ. ಸಂತೋಷ. ಆದರೆ ರಾಕಿಮ್‌ನ ಆಲ್ಬಂ ಬಂದು ಆಗಲೇ 31 ವರ್ಷವಾಗಿತ್ತು.

ಈಗ ಕೇಳಿ ನೋಡಬೇಕು ಅನ್ನಿಸಿದರೆ ವೇಗದ ಹಾಡುಗಳಿಂದ ಶುರು ಮಾಡಬೇಡಿ. ಕಥೆ ಹೇಳುವ ನಿಧಾನದ ಹಾಡೊಂದನ್ನು ಹಿಡಿಯಿರಿ. ಮೊದಲ ಸಲ ಸಾಹಿತ್ಯ ಓದಿಕೊಂಡು ಕೇಳುವುದು ಬೇಡ. ಕಣ್ಣು ಓದಲು ಶುರು ಮಾಡಿದರೆ ಕಿವಿ ಸೋಮಾರಿಯಾಗುತ್ತದೆ. ಸ್ನೇರ್‌ಗೆ ಕೈತಟ್ಟುತ್ತಾ ದನಿ ಎಲ್ಲಿ ಬೀಳುತ್ತದೆ, ಎಲ್ಲಿ ತಪ್ಪಿಸಿಕೊಳ್ಳುತ್ತದೆ ಎನ್ನುವುದನ್ನಷ್ಟೇ ಕೇಳಿ. ಎರಡನೇ ಸಲ ಸಾಲುಗಳನ್ನು ಎದುರಿಗೆ ಇಟ್ಟುಕೊಳ್ಳಿ. ಅಮೆರಿಕದ ಬೀದಿ ಮಾತು ಅರ್ಧ ತಿಳಿಯುವುದಿಲ್ಲ, ಪರವಾಗಿಲ್ಲ, ಅಲ್ಲೇ ಪಕ್ಕದ ನಗರದವರಿಗೂ ಎಲ್ಲ ತಿಳಿಯುವುದಿಲ್ಲ. ಮೂರನೇ ಸಲ ಒಂದೇ ಒಂದು ಬಾರ್ ಆರಿಸಿಕೊಂಡು ಅದರ ಜೊತೆ ನೀವೂ ಹೇಳಿ ನೋಡಿ. ಉಸಿರು ಎಲ್ಲಿ ತೆಗೆದುಕೊಂಡ ಎನ್ನುವುದು ಆಗ ಗೊತ್ತಾಗುತ್ತದೆ.